ತೆನೆ ಬಿಡಬೇಕಾ, ಪ್ಯಾಕೆಟ್ ಬಿಡಬೇಕಾ? ಜೋಳದ ಸ್ಟಾರ್ಚ್ ದೂರ ಇಡಲು ಹೊರಟ ಹಾಸನದ ಮನೆಗಳಿಗೆ ಒಂದು ಹೋಲಿಕೆ

ಹಾಸನದ ಕಡೆ ಜೋಳ ಅಂದರೆ ಮುಸುಕಿನ ಜೋಳ. ಹಿಂದೆ ಆಲೂಗಡ್ಡೆ ಹಾಕುತ್ತಿದ್ದ ಎಷ್ಟೋ ಹೊಲಗಳಲ್ಲಿ ಈಗ ಮಳೆಗಾಲಕ್ಕೆ ಜೋಳವೇ ನಿಂತಿರುತ್ತದೆ. ಅಂಗಮಾರಿ ರೋಗ ಆಲೂಗಡ್ಡೆಯನ್ನು ಮತ್ತೆ ಮತ್ತೆ ಹೊಡೆದ ಮೇಲೆ ರೈತರು ಇತ್ತ ತಿರುಗಿದರು. ಇಷ್ಟೆಲ್ಲ ಜೋಳದಲ್ಲಿ ನಾವು ತೆನೆಯಾಗಿ ತಿನ್ನುವುದು ಚೂರೇ ಚೂರು. ಉಳಿದದ್ದು ಕೋಳಿ ಫೀಡ್‌ಗೆ, ಎಥನಾಲ್‌ಗೆ, ಸ್ಟಾರ್ಚ್ (ಪಿಷ್ಟ) ಕಾರ್ಖಾನೆಗೆ ಹೋಗುತ್ತದೆ. ಕಾರ್ಖಾನೆಗೆ ಹೋದ ಪಾಲು ಸೂಪ್ ಪುಡಿ, ಸಾಸ್, ಬಿಸ್ಕತ್ತು, ಕಾಫಿ ಸ್ಯಾಚೆ, ಮಾತ್ರೆಗಳ ಒಳಗೆ ಸೇರಿ ನಮ್ಮ ಮನೆಗೇ ವಾಪಸ್ ಬರುತ್ತದೆ.

ಹಾಗಾಗಿ "ಜೋಳ ಬಿಡ್ತೀನಿ" ಅನ್ನುವವರು ಮೊದಲು ಯಾವ ಜೋಳ ಅಂತ ತೀರ್ಮಾನ ಮಾಡಬೇಕು. ಬೇಲೂರು ರಸ್ತೆಯಲ್ಲಿ ಕೆಂಡದ ಮೇಲೆ ಸುಟ್ಟು, ಉಪ್ಪು ಖಾರ ಹಚ್ಚಿ, ನಿಂಬೆಹಣ್ಣು ಉಜ್ಜಿ ಕೊಡುವ ತೆನೆಯಾ? ಪ್ಯಾಕೆಟ್ ಹಿಂದೆ ಸಾಸಿವೆಯಷ್ಟು ಅಕ್ಷರದಲ್ಲಿ ಕೂತಿರುವ, ಜೋಳದ ಸ್ಟಾರ್ಚ್‌ನಿಂದ ಮಾಡುವ ಮಾಲ್ಟೋಡೆಕ್ಸ್‌ಟ್ರಿನ್ನಾ?

ನನಗೆ ಕಾಣುವ ದಾರಿ ಮೂರು. ಒಂದು, ಜೋಳದಿಂದ ಹುಟ್ಟಿದ ಎಲ್ಲವನ್ನೂ ಬಿಡುವುದು. ಎರಡು, ತೆನೆ ಇಟ್ಟುಕೊಂಡು ಪ್ಯಾಕೆಟ್ ತಿಂಡಿ ಬಿಡುವುದು. ಮೂರು, ಪ್ಯಾಕೆಟ್ ತಿನ್ನುತ್ತಲೇ ಲೇಬಲ್ ಓದಿ ಓದಿ ಜೋಳ ಇಲ್ಲದ ಬ್ರ್ಯಾಂಡ್ ಹುಡುಕುವುದು. ನಾನು ಎರಡನೆಯದರ ಪರ ಅಂತ ಈಗಲೇ ಹೇಳಿಬಿಡುತ್ತೇನೆ. ಆದರೆ ಎಲ್ಲರಿಗೂ ಅದೇ ಸರಿ ಅಂತಲ್ಲ.

ಎಲ್ಲವನ್ನೂ ಬಿಡುವುದು ಯಾರಿಗೆ?

ಜೋಳದ ಅಲರ್ಜಿ ಇರುವವರಿಗೆ. ಅಂಥವರು ಕಡಿಮೆ, ಆದರೆ ಇದ್ದಾರೆ. ತಿಂದ ಸ್ವಲ್ಪ ಹೊತ್ತಿಗೇ ಮೈಮೇಲೆ ದದ್ದು ಏಳುವುದು, ತುಟಿ ಊದುವುದು, ವಾಂತಿ, ಉಸಿರು ಕಟ್ಟಿದ ಹಾಗೆ ಆಗುವುದು, ಇವು ಅದರ ಗುರುತು. ಉಸಿರಿಗೆ ತೊಂದರೆ ಆದರೆ ಕಷಾಯ ಕಾಯಿಸುತ್ತಾ ಕೂರಬೇಡಿ, ಸೀದಾ ಆಸ್ಪತ್ರೆಗೆ ಹೋಗಿ. ಅಲರ್ಜಿ ಹೌದೋ ಅಲ್ಲವೋ ಅಂತ ಹೇಳಬೇಕಾದವರು ಡಾಕ್ಟರು. "ಹೊಟ್ಟೆ ಉಬ್ಬರಿಸುತ್ತೆ, ಜೋಳವೇ ಇರಬೇಕು" ಅಂತ ತಾವೇ ತೀರ್ಮಾನಿಸಿ ಅರ್ಧ ಅಡುಗೆಮನೆ ಖಾಲಿ ಮಾಡುವವರಿದ್ದಾರೆ. ಉಬ್ಬರಕ್ಕೆ ಕಾರಣ ಹಾಲಿರಬಹುದು, ಗೋಧಿ ಇರಬಹುದು, ರಾತ್ರಿ ಹತ್ತೂವರೆಗೆ ಮುದ್ದೆ ಉಂಡು ಮಲಗುವ ಅಭ್ಯಾಸವೂ ಇರಬಹುದು.

ಅಲರ್ಜಿ ಮಾಡುವುದು ಜೋಳದ ಪ್ರೋಟೀನ್. ಸ್ಟಾರ್ಚ್ ಕಾರ್ಖಾನೆಯಲ್ಲಿ ಕಾಳನ್ನು ಗಂಧಕದ ಡೈಆಕ್ಸೈಡ್ ಬೆರೆಸಿದ ಬೆಚ್ಚನೆ ನೀರಿನಲ್ಲಿ ಒಂದೆರಡು ದಿನ ನೆನೆಹಾಕುತ್ತಾರೆ. ಆಮೇಲೆ ಒಡೆದು ಮೊಳಕೆಯ ಭಾಗ, ಸಿಪ್ಪೆ, ಪ್ರೋಟೀನ್ ಎಲ್ಲ ಬೇರೆ ಬೇರೆ ಮಾಡುತ್ತಾರೆ. ಕೊನೆಗೆ ಉಳಿಯುವ ಬಿಳಿ ಪುಡಿಯೇ ನಾವು ಅಂಗಡಿಯಲ್ಲಿ ಕೇಳುವ ಕಾರ್ನ್ ಫ್ಲೋರ್. ಅದರಲ್ಲಿ ಪ್ರೋಟೀನ್ ಇರುವುದು ಅರ್ಧ ಪರ್ಸೆಂಟಿಗಿಂತ ಕಡಿಮೆ. ಹಾಗಾಗಿ ಅಲರ್ಜಿ ಇರುವವರಲ್ಲೂ ಕೆಲವರಿಗೆ ಸ್ಟಾರ್ಚ್ ಆಗಿಬರಬಹುದು. ಎಷ್ಟು ಕಟ್ಟುನಿಟ್ಟು ಬೇಕು ಅನ್ನುವುದನ್ನೂ ಡಾಕ್ಟರ ಹತ್ತಿರವೇ ಕೇಳಬೇಕು.

ಈ ದಾರಿ ಹಿಡಿದವರಿಗೆ ಕಾನೂನಿನ ಸಹಾಯವೂ ಅಷ್ಟಕ್ಕಷ್ಟೇ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮದ ಪ್ರಕಾರ ಗ್ಲುಟೆನ್ ಇರುವ ಗೋಧಿಯಂಥ ಧಾನ್ಯ, ಹಾಲು, ಮೊಟ್ಟೆ, ಮೀನು, ಸೀಗಡಿ-ಏಡಿಯಂಥವು, ಕಡಲೆಕಾಯಿ ಮತ್ತು ಗೋಡಂಬಿ-ಬಾದಾಮಿಯಂಥ ಬೀಜಗಳು, ಸೋಯಾ, ಕೆಡದಿರಲಿ ಅಂತ ಹಾಕುವ ಸಲ್ಫೈಟ್ ಇದ್ದರೆ ಅಲರ್ಜಿ ಸೂಚನೆ ಹಾಕಲೇಬೇಕು. ಆ ಪಟ್ಟಿಯಲ್ಲಿ ಜೋಳ ಇಲ್ಲ. ಅಮೆರಿಕದ ಪಟ್ಟಿಯಲ್ಲೂ ಇಲ್ಲ. 2023ರಿಂದ ಅಲ್ಲಿ ಎಳ್ಳು ಸೇರಿತು, ಜೋಳ ಸೇರಲಿಲ್ಲ. ಪ್ಯಾಕೆಟ್ ಮೇಲೆ "ಎಡಿಬಲ್ ಸ್ಟಾರ್ಚ್" ಅಂತಷ್ಟೇ ಇದ್ದರೆ ಅದು ಜೋಳದ್ದೋ, ಸೇಲಂ ಕಡೆಯ ಮರಗೆಣಸಿನದ್ದೋ ಗೊತ್ತಾಗುವುದಿಲ್ಲ. ಪ್ಯಾಕೆಟ್ ಮೇಲಿನ ಗ್ರಾಹಕ ಸೇವಾ ನಂಬರಿಗೆ ಫೋನ್ ಮಾಡಿ ಕೇಳುವುದೇ ಗಟ್ಟಿ ದಾರಿ. ಸುಲಭ ಅಲ್ಲ. ಆದರೆ ನಿಜವಾದ ಅಲರ್ಜಿ ಇದ್ದರೆ ತಪ್ಪಿಸಿಕೊಳ್ಳುವ ಹಾಗಿಲ್ಲ.

ಬ್ರ್ಯಾಂಡ್ ಬದಲಿಸುತ್ತಾ ಹೋಗುವುದು

ಮೂರನೇ ದಾರಿ ನೋಡಲು ಸಲೀಸು. ಏನನ್ನೂ ಬಿಡಬೇಕಾಗಿಲ್ಲ, ಬರೀ ಬದಲಿಸಿದರಾಯಿತು. ಸಮಸ್ಯೆ ಶುರುವಾಗುವುದು ಲೇಬಲ್ ಓದಲು ಕೂತಾಗ.

ಒಂದು ಟೊಮೆಟೊ ಸೂಪ್ ಪುಡಿ ಪ್ಯಾಕೆಟ್ ತಿರುಗಿಸಿ ನೋಡಿ. ಪಟ್ಟಿ ಬರೆಯುವುದು ತೂಕದ ಕ್ರಮದಲ್ಲಿ, ಜಾಸ್ತಿ ಇರುವುದು ಮೊದಲು. ನಮ್ಮ ಬೀದಿಯ ಅಂಗಡಿಯಲ್ಲಿ ನಾನು ತಿರುಗಿಸಿ ನೋಡಿದ್ದರಲ್ಲಿ ಸಕ್ಕರೆ ಮೊದಲಿತ್ತು, ಕಾರ್ನ್ ಫ್ಲೋರ್ ಅದರ ಹಿಂದೆ, ಟೊಮೆಟೊ ಪುಡಿ ಆಮೇಲೆ. ಕೊನೆಯಲ್ಲಿ ಮಾಲ್ಟೋಡೆಕ್ಸ್‌ಟ್ರಿನ್, ಐಎನ್‌ಎಸ್ 330, ಇನ್ನೊಂದಿಷ್ಟು ನಂಬರು (ಆಹಾರಕ್ಕೆ ಬೆರೆಸುವ ಸೇರ್ಪಡೆಗಳಿಗೆ ಕೊಟ್ಟ ಅಂತರರಾಷ್ಟ್ರೀಯ ನಂಬರುಗಳು). ಅಂದರೆ ಟೊಮೆಟೊ ಸೂಪ್‌ನಲ್ಲಿ ಟೊಮೆಟೊಗೆ ಮೂರನೇ ಜಾಗ.

ಈ ನಂಬರುಗಳಲ್ಲಿ ಕೆಲವನ್ನು ನೆನಪಿಟ್ಟರೆ ಸಾಕು. 1400ರಿಂದ 1450ರವರೆಗೆ ಬರುವವು ಬಹುತೇಕ ಮಾರ್ಪಡಿಸಿದ ಸ್ಟಾರ್ಚ್‌ಗಳು. ಸಾಸ್, ಮಯೋನೀಸ್‌ಗಳಲ್ಲಿ 1422, 1442 ಆಗಾಗ ಕಾಣುತ್ತವೆ. 420 ಅಂದರೆ ಸಾರ್ಬಿಟಾಲ್, ಗ್ಲೂಕೋಸ್‌ನಿಂದ ಮಾಡುವ ಸಿಹಿ. 415 ಅಂದರೆ ಕ್ಸಾಂಥನ್ ಗಮ್, 330 ಅಂದರೆ ಸಿಟ್ರಿಕ್ ಆಸಿಡ್. ಇವೆರಡನ್ನೂ ಸೂಕ್ಷ್ಮಜೀವಿಗಳಿಗೆ ಸಿಹಿ ಉಣಿಸಿ ಹುಳಿ ಬರಿಸಿ ತೆಗೆಯುತ್ತಾರೆ. ಆ ಸಿಹಿ ಜೋಳದ್ದೂ ಇರಬಹುದು, ಕಬ್ಬಿನ ಕಾಕಂಬಿಯೂ ಇರಬಹುದು. ಅಲರ್ಜಿ ಇಲ್ಲದವರು 330ರ ಹಿಂದೆ ಬೀಳುವುದು ನನ್ನ ಪ್ರಕಾರ ಸುಮ್ನೆ ತಲೆಬಿಸಿ.

ಹೆಸರಿನಲ್ಲಿ ಬರುವವು ಇನ್ನೂ ಮುಖ್ಯ. ಸ್ಟಾರ್ಚನ್ನು ಎನ್‌ಜೈಮ್ ಹಾಕಿ ಸ್ವಲ್ಪ ಮುರಿದರೆ ಮಾಲ್ಟೋಡೆಕ್ಸ್‌ಟ್ರಿನ್. ಇನ್ನಷ್ಟು ಮುರಿದರೆ ಲಿಕ್ವಿಡ್ ಗ್ಲೂಕೋಸ್. ಪೂರ್ತಿ ಮುರಿದರೆ ಡೆಕ್ಸ್‌ಟ್ರೋಸ್. ಗ್ಲೂಕೋಸ್‌ನ ಒಂದು ಪಾಲನ್ನು ಫ್ರಕ್ಟೋಸ್ ಮಾಡಿದರೆ ಅಮೆರಿಕದವರು ಬೈಯುವ ಹೈ ಫ್ರಕ್ಟೋಸ್ ಕಾರ್ನ್ ಸಿರಪ್. ನಮ್ಮಲ್ಲಿ ಕಬ್ಬು ಧಾರಾಳ, ಹಾಗಾಗಿ ಇಲ್ಲಿನ ಕೂಲ್‌ಡ್ರಿಂಕ್‌ಗಳಲ್ಲಿ ಹೆಚ್ಚಾಗಿ ಇರುವುದು ಸಕ್ಕರೆಯೇ. ಅಲ್ಲಿಯ ವಿಡಿಯೊ ನೋಡಿ ಇಲ್ಲಿ ಆ ಸಿರಪ್‌ಗೆ ಹೆದರುವುದರಲ್ಲಿ ಅರ್ಥ ಇಲ್ಲ. ಹಾಗಂತ ಸಕ್ಕರೆಯ ಬಾಟಲಿ ಒಳ್ಳೆಯದಾಗಲಿಲ್ಲ ಅಷ್ಟೆ.

ಶುಗರ್ ಇರುವವರು ಮಾಲ್ಟೋಡೆಕ್ಸ್‌ಟ್ರಿನ್ ಒಂದನ್ನು ಮಾತ್ರ ಚೆನ್ನಾಗಿ ಗುರುತಿಟ್ಟುಕೊಳ್ಳಬೇಕು. ಅದು ಬಾಯಿಗೆ ಸಿಹಿ ಅನ್ನಿಸುವುದೇ ಇಲ್ಲ. ಲೇಬಲ್‌ನ "ಶುಗರ್ಸ್" ಸಾಲಿನಲ್ಲೂ ಲೆಕ್ಕಕ್ಕೆ ಬರುವುದಿಲ್ಲ. ಏಕೆಂದರೆ ಅಲ್ಲಿ ಸಕ್ಕರೆ, ಗ್ಲೂಕೋಸ್‌ನಂಥ ಚಿಕ್ಕ ಸಕ್ಕರೆಗಳನ್ನಷ್ಟೇ ಎಣಿಸುತ್ತಾರೆ. ರಕ್ತದ ಸಕ್ಕರೆಯನ್ನು ಮಾತ್ರ ಅದು ಹೆಚ್ಚುಕಡಿಮೆ ಗ್ಲೂಕೋಸ್‌ನಷ್ಟೇ ಬೇಗ ಏರಿಸುತ್ತದೆ. ಒಂದು ಗ್ರಾಂಗೆ 4 ಕ್ಯಾಲೊರಿ, ಸಕ್ಕರೆಯಷ್ಟೇ. ನಮ್ಮತ್ತೆಗೆ ಅಂತ ಯಾರೋ ತಂದುಕೊಟ್ಟ "ಶುಗರ್ ಫ್ರೀ" ಬಿಸ್ಕತ್ತಿನಲ್ಲಿ ಶುಗರ್ಸ್ ಸಾಲು ಸೊನ್ನೆಯ ಹತ್ತಿರ ಇತ್ತು. ಕಾರ್ಬೊಹೈಡ್ರೇಟ್ ಸಾಲು ಮಾಮೂಲಿ ಬಿಸ್ಕತ್ತಿನಷ್ಟೇ ಇತ್ತು. ಅಂಥ ಪ್ಯಾಕೆಟ್ ಸಿಕ್ಕಾಗ ಎರಡೂ ಸಾಲು ಓದಬೇಕು, ಸಾಮಗ್ರಿ ಪಟ್ಟಿಯಲ್ಲಿ ಮೈದಾ, ಮಾಲ್ಟಿಟಾಲ್ (ಸಕ್ಕರೆ ಬದಲು ಹಾಕುವ ಸಿಹಿ), ಮಾಲ್ಟೋಡೆಕ್ಸ್‌ಟ್ರಿನ್ ಎಲ್ಲಿವೆ ನೋಡಬೇಕು.

ಈಗ ಮೂರನೇ ದಾರಿಯ ದೊಡ್ಡ ತೂತು ಕಾಣುತ್ತದೆ ಅಲ್ವಾ? ಜೋಳದ ಸ್ಟಾರ್ಚ್ ಇರುವ ಸೂಪ್ ಬಿಟ್ಟು ಮರಗೆಣಸಿನ ಸ್ಟಾರ್ಚ್ ಇರುವ ಸೂಪ್ ತಂದರೆ ಅಲರ್ಜಿಯವರಿಗೆ ಲಾಭ. ಉಳಿದವರಿಗೆ ಏನು ಬದಲಾಯಿತು? ಸಕ್ಕರೆ ಅಷ್ಟೇ, ಉಪ್ಪು ಅಷ್ಟೇ, ಖರ್ಚು ಜಾಸ್ತಿ. ಅದರ ಮೇಲೆ ಲೇಬಲ್ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇದ್ದರೆ ಎಫ್‌ಎಸ್‌ಎಸ್‌ಎಐ ನಿಯಮಕ್ಕೆ ಸಾಕು. ಮನೆಯಲ್ಲಿ ಸಾಮಾನು ತರುವುದು ಅಜ್ಜ ಆಗಿದ್ದರೆ ಈ ಪತ್ತೇದಾರಿಕೆ ಎಷ್ಟು ದಿನ ನಡೆಯುತ್ತದೆ ಹೇಳಿ.

ಪ್ಯಾಕೆಟ್ ಬಿಟ್ಟು ತೆನೆ ಇಟ್ಟುಕೊಳ್ಳುವುದು

ಬ್ರೆಜಿಲ್‌ನ ಸಾವೊ ಪಾಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮೊಂಟೇರೊ ಅವರ ತಂಡ ಆಹಾರವನ್ನು ನಾಲ್ಕು ಗುಂಪು ಮಾಡಿತು. ಅದಕ್ಕೆ ನೋವಾ ವರ್ಗೀಕರಣ ಅನ್ನುತ್ತಾರೆ. ತೆನೆ ಮೊದಲ ಗುಂಪಿನಲ್ಲಿದೆ. ಮಾಲ್ಟೋಡೆಕ್ಸ್‌ಟ್ರಿನ್, ಮಾರ್ಪಡಿಸಿದ ಸ್ಟಾರ್ಚ್, ಬಣ್ಣ, ಪರಿಮಳ ಬೆರೆಸಿ ಕಾರ್ಖಾನೆಯಲ್ಲಿ ಕಟ್ಟಿದ ತಿನಿಸು ನಾಲ್ಕನೆಯ ಗುಂಪು. ಗಿಡ ಒಂದೇ, ಗುಂಪು ಎರಡು ತುದಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲೂ ಈ ನಾಲ್ಕನೆಯ ಬಗೆಯ ತಿನಿಸು ಕಡಿಮೆ ಮಾಡಿ, ಲೇಬಲ್ ಓದಿ ಅಂತ ಹೇಳಿದೆ. ತೆನೆ ಬಿಡಿ ಅಂತ ಹೇಳಿಲ್ಲ.

ಹಾಗಾಗಿ ಸುಟ್ಟ ಜೋಳ, ಬೇಯಿಸಿದ ಜೋಳ, ಮನೆಯಲ್ಲಿ ಕುಕ್ಕರಿಗೆ ಹಾಕಿ ಸಿಡಿಸಿದ ಪಾಪ್‌ಕಾರ್ನ್ ಎಲ್ಲ ಇರಲಿ. ಬದಲಾಯಿಸಬೇಕಾದದ್ದು ಕೆಳಗಿನವು.

ಗಟ್ಟಿ ಮಾಡಲು ಏನು ಹಾಕುವುದು?

ಕಾರ್ನ್ ಫ್ಲೋರ್ ನಮ್ಮ ಅಡುಗೆಮನೆಗೆ ಬಂದದ್ದು ಗೋಬಿ ಮಂಚೂರಿ ಮತ್ತು ಸೂಪಿನ ಹಿಂದೆ. ಅದಕ್ಕೂ ಮುಂಚೆ ನಮ್ಮಲ್ಲಿ ಸಾರು ಗಟ್ಟಿ ಮಾಡುವುದಕ್ಕೆ ಏನೂ ಇರಲಿಲ್ಲವಾ? ಕಾಯಿ ರುಬ್ಬುವಾಗ ಒಂದು ಚಮಚ ನೆನೆಸಿದ ಅಕ್ಕಿ ಹಾಕುತ್ತಿದ್ದರು, ಇಲ್ಲವೇ ಹುರಿಗಡಲೆ. ಕೂಟು, ಗೊಜ್ಜು, ಕುರ್ಮಾಕ್ಕೆ ಇವತ್ತಿಗೂ ಅದೇ ಸರಿ. ಹುರಿಗಡಲೆಗೆ ರುಚಿಯೂ ಇದೆ, ಪ್ರೋಟೀನೂ ಇದೆ. ಆದರೆ ಜಾಸ್ತಿ ಆದರೆ ಸಾರು ಆರುತ್ತಾ ಆರುತ್ತಾ ಗೊಜ್ಜಾಗುತ್ತದೆ, ಕೈ ಹಿಡಿತ ಬೇಕು.

ಸೂಪಿಗೆ ಅಕ್ಕಿಹಿಟ್ಟು ನಡೆಯುತ್ತದೆ. ತಣ್ಣೀರಲ್ಲಿ ಕದಡಿ ಹಾಕಿ, ಕಾರ್ನ್ ಫ್ಲೋರಿಗಿಂತ ಸ್ವಲ್ಪ ಜಾಸ್ತಿ ಹೊತ್ತು ಕುದಿಸಬೇಕು. ಇಲ್ಲದಿದ್ದರೆ ಹಸಿ ವಾಸನೆ ಉಳಿಯುತ್ತದೆ. ಸೂಪು ಕಾರ್ನ್ ಫ್ಲೋರಿನ ಹಾಗೆ ಹೊಳೆಯುವುದಿಲ್ಲ, ಮಸುಕಾಗುತ್ತದೆ. ನನಗೆ ಅದರಿಂದ ಬೇಜಾರಿಲ್ಲ.

ಹೊಳಪೇ ಬೇಕು ಅನ್ನುವವರಿಗೆ ಕೂವೆ ಹಿಟ್ಟು ಇದೆ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಹಳೆಯ ಮನೆಗಳ ಹಿತ್ತಿಲಲ್ಲಿ ಕೂವೆ ಗಿಡ ಇನ್ನೂ ಸಿಗುತ್ತದೆ. ಎಲೆ ಒಣಗಿದ ಮೇಲೆ ಗೆಡ್ಡೆ ಅಗೆದು, ಮಣ್ಣು ಹೋಗುವ ಹಾಗೆ ಉಜ್ಜಿ ತೊಳೆದು, ತುರಿದು ಅಥವಾ ರುಬ್ಬಿ, ಬಟ್ಟೆಯಲ್ಲಿ ಹಿಂಡುತ್ತಾರೆ. ಹಾಲಿನಂಥ ನೀರು ಪಾತ್ರೆಗೆ ಇಳಿಯುತ್ತದೆ. ರಾತ್ರಿ ಇಟ್ಟರೆ ಹಿಟ್ಟು ತಳಕ್ಕೆ ಕೂತು ಮೇಲೆ ಕಂದು ನೀರು ನಿಲ್ಲುತ್ತದೆ. ಅದನ್ನು ಬಗ್ಗಿಸಿ ಚೆಲ್ಲಿ ಹೊಸ ನೀರು ಹಾಕಬೇಕು. ತಳದ ಹಿಟ್ಟು ಅಚ್ಚ ಬಿಳಿ ಆಗುವ ತನಕ ಇದೇ ಕೆಲಸ. ಕೊನೆಗೆ ಬಿಸಿಲಲ್ಲಿ ಒಣಗಿಸಿದರೆ ಕೈಯಲ್ಲಿ ಹಿಸುಕಿದಾಗ ಕಿರ್ ಕಿರ್ ಅನ್ನುವ ಹಿಟ್ಟು. ಇಷ್ಟು ಮಾಡಿದರೂ ಸಿಗುವುದು ಸ್ವಲ್ಪವೇ, ಅದಕ್ಕೇ ಮಾರುವಷ್ಟು ಮಾಡುವವರು ಕಡಿಮೆ. ಸಿಕ್ಕಿದರೆ ಬಿಡಬೇಡಿ. ಇದೂ ಸ್ಟಾರ್ಚೇ, ಶುಗರ್ ಇರುವವರಿಗೆ ವಿಶೇಷ ರಿಯಾಯಿತಿ ಏನಿಲ್ಲ. ಅಂಗಡಿಯಲ್ಲಿ ಬಿಡಿಯಾಗಿ ತೂಗಿ ಕೊಡುವ "ಆರಾರೂಟ್" ಮಾತ್ರ ಕೂವೆಯೇ ಅಂತ ನಂಬಬೇಡಿ, ಬೇರೆ ಸ್ಟಾರ್ಚ್ ಇರಬಹುದು.

ಗೋಬಿಗೆ ಅಕ್ಕಿಹಿಟ್ಟು, ಸ್ವಲ್ಪ ಕಡಲೆಹಿಟ್ಟು ಸೇರಿಸಿದರೆ ಗರಿಗರಿ ಬರುತ್ತದೆ. ಬೀದಿ ಗಾಡಿಯಲ್ಲಿ ಆ ಆಯ್ಕೆ ಇಲ್ಲ. "ಅಣ್ಣ, ಕಾರ್ನ್ ಫ್ಲೋರ್ ಇಲ್ದೆ ಒಂದ್ ಪ್ಲೇಟ್ ಆಗುತ್ತಾ?" ಅಂತ ಕೇಳಿದರೆ, "ಅದಿಲ್ದೆ ಬೋಂಡ ಆಗುತ್ತೆ ಅಕ್ಕಾ" ಅಂತ ನಗುತ್ತಾರೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ಆದೇಶ ಮಾಡಿದ ಮೇಲೆ ಕೆಂಪು ಕಡಿಮೆ ಆಗಿರಬಹುದು, ಹಿಟ್ಟು ಬದಲಾಗಿಲ್ಲ.

ಮಕ್ಕಳ ಡಬ್ಬಿ ಪುಡಿಯಾ, ಹುರಿಹಿಟ್ಟಾ?

ಇದರಲ್ಲಿ ನನಗೆ ಅನುಮಾನವೇ ಇಲ್ಲ. ಹಾಲಿಗೆ ಬೆರೆಸುವ ಡಬ್ಬಿ ಪುಡಿಗಳಲ್ಲಿ ಮಾಲ್ಟ್, ಸಕ್ಕರೆ, ಲಿಕ್ವಿಡ್ ಗ್ಲೂಕೋಸ್ ಅಥವಾ ಮಾಲ್ಟೋಡೆಕ್ಸ್‌ಟ್ರಿನ್ ಮುಂದಿನ ಸಾಲಲ್ಲೇ ಇರುತ್ತವೆ, ವಿಟಮಿನ್ ಹಿಂದೆ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಇಂಥ ಪಾನೀಯಗಳನ್ನು "ಹೆಲ್ತ್ ಡ್ರಿಂಕ್" ಪಟ್ಟಿಯಿಂದ ತೆಗೆಯಿರಿ ಅಂತ ಆನ್‌ಲೈನ್ ಅಂಗಡಿಗಳಿಗೆ ಹೇಳಿತು. ಕಾನೂನಿನಲ್ಲಿ ಹಾಗೊಂದು ವರ್ಗವೇ ಇಲ್ಲ ಅನ್ನುವುದು ಕಾರಣ.

ನಮ್ಮಲ್ಲಿ ರಾಗಿ ಹುರಿಹಿಟ್ಟು ಇದೆ. ರಾಗಿಗೆ ನೀರು ಚಿಮುಕಿಸಿ, ಆರಿಸಿ, ಕಾದ ಬಾಣಲೆಯಲ್ಲಿ ಹುರಿದರೆ ಅರಳುತ್ತದೆ. ಬೀಸಿಟ್ಟರೆ ಆಯಿತು. ಹಾಲು ಬೆಲ್ಲಕ್ಕೂ ಸರಿ, ಮಜ್ಜಿಗೆ ಉಪ್ಪಿಗೂ ಸರಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅಂಗಡಿಯ "ರಾಗಿ ಮಾಲ್ಟ್" ಪ್ಯಾಕೆಟ್ ಕೊಳ್ಳುವವರು ಪಟ್ಟಿಯಲ್ಲಿ ರಾಗಿ ಮೊದಲಿದೆಯಾ, ಸಕ್ಕರೆ ಮೊದಲಿದೆಯಾ ನೋಡಿ. ಅದೊಂದೇ ಸಾಲು ಓದಿದರೂ ಸಾಕು.

ಬೆಳಗಿನ ತಿಂಡಿಗೆ ಕಾರ್ನ್‌ಫ್ಲೇಕ್ಸ್ ಬದಲು ಅವಲಕ್ಕಿ ಅನ್ನುವವರಿದ್ದಾರೆ. ಪ್ಯಾಕೆಟ್ ಬಿಡುವ ಲೆಕ್ಕದಲ್ಲಿ ಸರಿ, ಆದರೆ ಶುಗರ್ ಲೆಕ್ಕದಲ್ಲಿ ಗೊಜ್ಜವಲಕ್ಕಿಯೂ ಸಾಚಾ ಅಲ್ಲ. ಕಡಲೆಬೀಜ, ತೆಂಗಿನತುರಿ, ತರಕಾರಿ ಜೊತೆಗಿದ್ದರೆ ವಾಸಿ. ಅವರೆಕಾಳು ಬೆರೆಸಿದ ಅಕ್ಕಿರೊಟ್ಟಿ ಇನ್ನೂ ವಾಸಿ.

ಬೇಕರಿಯಾ, ಪ್ಯಾಕೆಟ್ ಬ್ರೆಡ್ಡಾ?

ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಬೇರು ಇರುವುದು ನಮ್ಮ ಹಾಸನ ಜಿಲ್ಲೆಯಲ್ಲಿ, ಹಾಗಾಗಿ ಬೇಕರಿ ವಿಷಯದಲ್ಲಿ ನಾನು ಸ್ವಲ್ಪ ಪಕ್ಷಪಾತಿ. ಪ್ಯಾಕೆಟ್ ಬ್ರೆಡ್ಡಿಗೆ ಲೇಬಲ್ ಇರುತ್ತದೆ, ಅಲರ್ಜಿ ಇರುವವರಿಗೆ ಅದು ದೊಡ್ಡ ಅನುಕೂಲ. ಬೇಕರಿ ಬನ್ನಿಗೆ ಲೇಬಲ್ ಇಲ್ಲ, ಆದರೆ ಮಾಡಿದವರು ಎದುರಿಗೇ ಇರುತ್ತಾರೆ. ಬೆಳಿಗ್ಗೆ ಗಿರಾಕಿ ಕಡಿಮೆ ಇರುವಾಗ ಕೇಳಿದರೆ ಹೇಳುತ್ತಾರೆ. ಖಾರ ಬನ್, ಬೆಣ್ಣೆ ಬಿಸ್ಕತ್ತು, ಸಾದಾ ಬ್ರೆಡ್ಡಿನಲ್ಲಿ ಮೈದಾ ಇದ್ದೇ ಇರುತ್ತದೆ, ಜೋಳದ ಪಾಲು ಕಡಿಮೆ. ಐಸಿಂಗ್ ಕೇಕು, ಕಸ್ಟರ್ಡ್ ತುಂಬಿದ್ದು, ಜೆಲ್ಲಿ ಇರುವುದು ಬೇರೆ ಕಥೆ. ಕಸ್ಟರ್ಡ್ ಪುಡಿ ಅಂದರೆ ಹೆಚ್ಚುಕಡಿಮೆ ಬಣ್ಣ, ಪರಿಮಳ ಹಾಕಿದ ಕಾರ್ನ್ ಫ್ಲೋರ್. ಐಸಿಂಗ್ ಸಕ್ಕರೆ ಗಂಟು ಕಟ್ಟದಿರಲಿ ಅಂತ ಸ್ಟಾರ್ಚ್ ಬೆರೆಸಿರುತ್ತಾರೆ. ಬೇಕಿಂಗ್ ಪೌಡರಿನಲ್ಲೂ ಸಾಮಾನ್ಯವಾಗಿ ಅದು ಇರುತ್ತದೆ.

ಸಾಸ್, ಚಿಪ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಸಾಲೆ ಚಿಪ್ಸ್‌ನ ಮಸಾಲೆಯಲ್ಲಿ ಮಾಲ್ಟೋಡೆಕ್ಸ್‌ಟ್ರಿನ್, ಕಡಿಮೆ ಬೆಲೆಯ ಸಾಸ್‌ನಲ್ಲಿ ಸ್ಟಾರ್ಚ್. ಇವಕ್ಕಿಂತ ಎಣ್ಣೆ, ಉಪ್ಪು ಮಾತ್ರ ಇರುವ ಸಾದಾ ಚಿಪ್ಸ್, ಮನೆಯ ಟೊಮೆಟೊ ಗೊಜ್ಜು ಎಷ್ಟೋ ಮೇಲು.

ಕಾಫಿ ಬಗ್ಗೆ ಮಾತ್ರ ಒಂದು ಮಾತು. ಚಿಕ್ಕಮಗಳೂರಿನಂಥ ಊರಲ್ಲಿ ಕೂತು ಕಾಫಿ, ಹಾಲಿನ ಪುಡಿ, ಸಕ್ಕರೆ ಮೂರೂ ಬೆರೆಸಿದ ಕಾಫಿ ಸ್ಯಾಚೆ ಕುಡಿಯುವುದು ನನಗೆ ಅರ್ಥವಾಗದ ವಿಷಯ. ಸಕ್ಕರೆ, ಗ್ಲೂಕೋಸ್ ಅಥವಾ ಮಾಲ್ಟೋಡೆಕ್ಸ್‌ಟ್ರಿನ್, ಹಾಲಿನ ಪುಡಿ, ಕೊನೆಯಲ್ಲಿ ಒಂದಿಷ್ಟು ಕಾಫಿ. ಎದುರಿಗೇ ಹುರಿದು ಪುಡಿ ಮಾಡಿಕೊಡುವ ಅಂಗಡಿಯಲ್ಲಿ ಕೊಂಡರೆ ಕಾಫಿ ಎಷ್ಟು, ಚಿಕೋರಿ ಎಷ್ಟು ಅಂತ ನೀವೇ ಹೇಳಬಹುದು. ಮೂರನೆಯದು ಅದರಲ್ಲಿ ಬರುವುದಿಲ್ಲ.

ಮಾತ್ರೆ ಮತ್ತು ಓಆರ್‌ಎಸ್

ಮಾತ್ರೆ ಒತ್ತುವಾಗ ಪುಡಿ ಹಿಡಿದು ನಿಲ್ಲಲಿ, ಹೊಟ್ಟೆಯಲ್ಲಿ ಬೇಗ ಬಿಡಲಿ ಅಂತ ಜೋಳದ ಸ್ಟಾರ್ಚ್ ಹಾಕುವುದು ಮಾಮೂಲಿ. ಅಲರ್ಜಿ ಖಚಿತವಾಗಿರುವವರು ಅದನ್ನು ಡಾಕ್ಟರಿಗೂ, ಔಷಧಿ ಅಂಗಡಿಯವರಿಗೂ ಮೊದಲೇ ಹೇಳಬೇಕು. ಬೇರೆ ಕಂಪನಿಯ ಮಾತ್ರೆಯೋ, ಸಿರಪ್ಪೋ ಅವರು ನೋಡಿ ಕೊಡುತ್ತಾರೆ. ಉಳಿದವರು ಬಿಪಿ, ಶುಗರ್ ಮಾತ್ರೆಯ ಪಟ್ಟಿಯಲ್ಲಿ ಸ್ಟಾರ್ಚ್ ಕಂಡ ತಕ್ಷಣ ನಿಲ್ಲಿಸಬಾರದು, ಒಂದು ಮಾತ್ರೆಯಲ್ಲಿ ಅದು ಇರುವುದು ಮಿಲಿಗ್ರಾಂ ಲೆಕ್ಕದಲ್ಲಿ.

ಓಆರ್‌ಎಸ್ ಪುಡಿಯಲ್ಲಿ ಗ್ಲೂಕೋಸ್ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಲ್ಲಿ ಒಂದು ಲೀಟರಿಗೆ 13.5 ಗ್ರಾಂ. ಅದು ರುಚಿಗೆ ಹಾಕಿದ್ದಲ್ಲ, ಕರುಳು ಉಪ್ಪು ನೀರನ್ನು ಒಳಗೆ ಎಳೆದುಕೊಳ್ಳಲು ಆ ಗ್ಲೂಕೋಸ್ ಬೇಕೇ ಬೇಕು. ಮಗುವಿಗೆ ಭೇದಿ ಆದಾಗ "ನಮ್ಮನೇಲಿ ಡೆಕ್ಸ್‌ಟ್ರೋಸ್ ಬಿಟ್ಟಿದೀವಿ" ಅಂತ ಕೂರಬೇಡಿ, ಪ್ಯಾಕೆಟ್ ಒಡೆದು ಅಳತೆಯ ನೀರಿಗೆ ಬೆರೆಸಿ ಕುಡಿಸಿ. ಕೊಳ್ಳುವಾಗ ಪುಡಿ ಪ್ಯಾಕೆಟ್ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಇದೆಯಾ ನೋಡಿ. ಪಕ್ಕದಲ್ಲೇ ಇಟ್ಟಿರುವ ಸಿಹಿ ಜ್ಯೂಸಿನ ಡಬ್ಬಿ ಅದರ ಕೆಲಸ ಮಾಡುವುದಿಲ್ಲ.